ಪಟ್ಟಿಯಲ್ಲಿ ಹಿರಿಯೂರಿಲ್ಲ

ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ಹತ್ರ ಒಂದು ಫ್ಲೆಕ್ಸು ಎದ್ದಿತ್ತು. ಎಡಗಡೆ ಒಂದು ಯುದ್ಧ ಟ್ಯಾಂಕು, ಬಲಗಡೆ ಎರಡು ಜೆಟ್ ವಿಮಾನ, ಹಿಂದುಗಡೆ ನಮ್ಮ ತ್ರಿವರ್ಣ ಧ್ವಜ. ಮಧ್ಯದಲ್ಲಿ ಕೋಟು ಹಾಕ್ಕೊಂಡು ನಗ್ತಾ ಇರೋನು ನಮ್ಮಕ್ಕನ ಮಗ. ಕೆಳಗೆ ದಪ್ಪಕ್ಷರದಲ್ಲಿ: "ವಿಶ್ವದ ಅತಿ ದೊಡ್ಡ ಸೇನಾ ಕೂಟದಲ್ಲಿ ರಕ್ಷಣಾ ಯೋಜನಾಧಿಕಾರಿ. ತಾಲ್ಲೂಕಿನ ಹೆಮ್ಮೆಯ ಪುತ್ರನಿಗೆ ಸಾರ್ವಜನಿಕ ಸನ್ಮಾನ."

ನನಗೆ ನಗು ಬಂತು. ಹುಡುಗ ಜೀವಮಾನದಲ್ಲಿ ಟ್ಯಾಂಕ್ ಹತ್ತಿಲ್ಲ. ಅವನು ಕೆಲಸ ಮಾಡೋದು ಬ್ರಸೆಲ್ಸ್‌ನಲ್ಲಿರೋ ನ್ಯಾಟೋ ಕಚೇರಿಯಲ್ಲಿ, ಕಂಪ್ಯೂಟರ್ ಮುಂದೆ. ಆ ಕೂಟದಲ್ಲಿ ಭಾರತ ಇಲ್ಲವೇ ಇಲ್ಲ. ಸದಸ್ಯ ದೇಶದ ಪೌರತ್ವ ಇದ್ದೋರಿಗೆ ಮಾತ್ರ ಅಲ್ಲಿ ನೌಕರಿ. ಇವನು ಡಚ್ ಪೌರತ್ವ ತಗೊಂಡು, ನಮ್ಮ ಪಾಸ್‌ಪೋರ್ಟ್ ವಾಪಸ್ ಕೊಟ್ಟು ಎಷ್ಟೋ ವರ್ಷ ಆಯ್ತು. ಅದು ಅವನ ಬದುಕು, ತಪ್ಪೇನಿಲ್ಲ. ಆದರೆ ಅವನ ಹಿಂದೆ ತ್ರಿವರ್ಣ ಧ್ವಜ ಯಾಕೆ ಹಾರ್ತಾ ಇದೆ ಅಂತ ಫ್ಲೆಕ್ಸ್ ಮಾಡಿಸಿದೋರನ್ನ ಕೇಳಿದೆ. "ಚೆನ್ನಾಗಿ ಕಾಣುತ್ತೆ ಸಾರ್" ಅಂದ್ರು.

ನಗೋ ವಿಷಯ ಅಷ್ಟಕ್ಕೇ ಮುಗೀತು. ಸನ್ಮಾನದ ದಿನ ಓದೋಕೆ ಅಭಿನಂದನಾ ಪತ್ರ ಬರ್ಕೊಡು ಅಂತ ಭಾವ ನನಗೆ ಹೇಳಿದ್ರು. "ನಿನ್ ಕೈಬರಹ, ನಿನ್ ಭಾಷೆ ಚೆನ್ನಾಗಿದೆ ಕಣಯ್ಯಾ, ಒಂದು ಪುಟ ಸಾಕು." ನಾನು ಆಗಲ್ಲ ಅಂದೆ. ಅಲ್ಲಿಂದ ಶುರುವಾಯ್ತು. ಅಕ್ಕ ಎರಡು ದಿನ ಮಾತು ಬಿಟ್ಟಳು. ಭಾವನ ಸ್ನೇಹಿತರೊಬ್ಬರು ಹೊಟ್ಟೆಕಿಚ್ಚು ಅಂದ್ರು, ಇನ್ನೊಬ್ಬರು ದೇಶದ್ರೋಹಿ ಅಂದ್ರು. ಯಾವ ದೇಶದ ದ್ರೋಹಿ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಾಕೆ ಬರೆಯಲಿಲ್ಲ ಅನ್ನೋದನ್ನ ಇಲ್ಲಿ ಬರೀತೀನಿ.

ಮೊದಲು ಆ ಕೆಲಸ ಏನು ಅಂತ ತಿಳ್ಕೊಳ್ಳೋಣ. ನಾನೂ ಅವನನ್ನೇ ಕೂರಿಸ್ಕೊಂಡು ಕೇಳಿದೆ. ಜಗಲಿ ಮೇಲೆ, ಒಂದು ತಟ್ಟೆ ಮಂಡಕ್ಕಿ ಮೆಣಸಿನಕಾಯಿ ಇಟ್ಕೊಂಡು.

"ಮಾಮ, ಇದು ಲೆಕ್ಕದ ಕೆಲಸ" ಅಂದ. ಅವನು ಹೇಳಿದ್ದರ ಸಾರಾಂಶ ಇಷ್ಟು. ಕೂಟದಲ್ಲಿ 32 ದೇಶ. ಯುದ್ಧ ಬಂದ್ರೆ ಏನೇನು ಬೇಕು, ಅದರಲ್ಲಿ ಯಾರು ಏನು ತರಬೇಕು ಅನ್ನೋದನ್ನ ಮುಂಚೆನೇ ಗೊತ್ತು ಮಾಡಿಡಬೇಕು. ಅದಕ್ಕೆ ನಾಲ್ಕು ವರ್ಷದ ಒಂದು ಸುತ್ತು, ಐದು ಹೆಜ್ಜೆ. ನಾಯಕರು ಏನು ಗುರಿ ಅಂತ ಹೇಳೋದು ಮೊದಲನೇದು. ಅದಕ್ಕೆ ಎಷ್ಟು ಪಡೆ, ಎಷ್ಟು ಸಾಮಾನು ಬೇಕು ಅಂತ ಲೆಕ್ಕ ಹಾಕೋದು ಎರಡನೇದು. ಆ ಲೆಕ್ಕವನ್ನ ದೇಶ ದೇಶಕ್ಕೆ ಹಂಚೋದು ಮೂರನೇದು. ಹಂಚಿದ್ದನ್ನ ಮಾಡಿಸೋದು ನಾಲ್ಕನೇದು. ಮಾಡಿದ್ದಾರಾ ಅಂತ ತನಿಖೆ ಮಾಡೋದು ಐದನೇದು.

ಮೂರನೇ ಹೆಜ್ಜೆಯಲ್ಲಿ ಒಂದು ಸ್ವಾರಸ್ಯ ಇದೆ. ಉಳಿದ ನಿರ್ಧಾರಗಳೆಲ್ಲ ಸರ್ವಾನುಮತದಿಂದಲೇ ಆಗಬೇಕು. ಆದರೆ ಒಂದು ದೇಶದ ಪಾಲು ಇಷ್ಟು ಅಂತ ಉಳಿದ 31 ದೇಶ ಒಪ್ಪಿಬಿಟ್ರೆ, ಆ ದೇಶ ಒಂಟಿಯಾಗಿ ನಿಂತು ಬೇಡ ಅನ್ನೋ ಹಾಗಿಲ್ಲ. "ಊರಹಬ್ಬದ ವಂತಿಗೆ ಇದ್ದ ಹಾಗೆ" ಅಂದೆ. "ಕರೆಕ್ಟಾಗಿ ಹೇಳಿದ್ರಿ ಮಾಮ" ಅಂದ. ವಂತಿಗೆ ಈಗ ಏರಿದೆ. 2014ರಲ್ಲಿ ವೇಲ್ಸ್‌ನಲ್ಲಿ ಸೇರಿದಾಗ ಪ್ರತಿ ದೇಶವೂ ತನ್ನ ಒಟ್ಟು ಉತ್ಪನ್ನದ ಶೇ. 2ರಷ್ಟನ್ನ ರಕ್ಷಣೆಗೆ ಇಡೋ ಕಡೆಗೆ ಸಾಗಬೇಕು ಅಂದಿದ್ರು. 2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಸೇರಿ, 2035ರ ಹೊತ್ತಿಗೆ ಶೇ. 5 ಅಂದ್ರು. ಮೂರೂವರೆ ನೇರವಾಗಿ ಸೇನೆಗೆ, ಒಂದೂವರೆ ರಸ್ತೆ, ಸೇತುವೆ, ಸೈಬರ್ ಭದ್ರತೆ ಇಂಥವುಕ್ಕೆ.

ಹುಡುಗ ಬುದ್ಧಿವಂತ, ಕಷ್ಟಪಟ್ಟು ಮೇಲೆ ಬಂದೋನು. ಅವನ ಲೆಕ್ಕದ ಬಗ್ಗೆ ನನಗೆ ಗೌರವ ಇದೆ. ಯಾಕಂದ್ರೆ ನಾನೂ ಮೂವತ್ತು ಚಿಲ್ಲರೆ ವರ್ಷ ಕಂದಾಯ ಇಲಾಖೆಯಲ್ಲಿ ಅದನ್ನೇ ಮಾಡ್ದೋನು. ಪಟ್ಟಿ ಮಾಡೋದು, ಹಂಚೋದು, ತನಿಖೆ ಮಾಡೋದು. ಯುದ್ಧದ ಬದಲು ಬರಗಾಲ, ಅಷ್ಟೇ. ಹಾಗಾಗಿ ಒಬ್ಬ ಪಟ್ಟಿ ಬರೆಯೋನು ಇನ್ನೊಬ್ಬ ಪಟ್ಟಿ ಬರೆಯೋನನ್ನ ಕೇಳೋ ಪ್ರಶ್ನೆಯನ್ನೇ ಕೇಳಿದೆ:

"ದಂಡು ಹಾದುಹೋಗೋ ಊರಿಗೆ ನಿಮ್ಮ ಪಟ್ಟೀಲಿ ಯಾವ ಕಾಲಂ ಇದೆಯಪ್ಪಾ?"

ಅವನಿಗೆ ಪ್ರಶ್ನೆ ಅರ್ಥ ಆಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ. ಅದಕ್ಕೆ ನಮ್ಮ ಸೀಮೆಯ ಕಥೆನೇ ಹೇಳಬೇಕು.

ಅಂತರರಾಷ್ಟ್ರೀಯ ಸೇನಾ ಕೂಟ ಅಂದ್ರೆ ಏನೋ ಯುರೋಪಿನೋರು ಮೊನ್ನೆ ಕಂಡುಹಿಡಿದಿದ್ದು ಅಂದ್ಕೊಂಡಿದ್ದೀವಿ. 1949ಕ್ಕಿಂತ ನೂರೈವತ್ತು ವರ್ಷ ಮುಂಚೆನೇ ಅಂಥದ್ದೊಂದು ಕೂಟ ನಮ್ಮ ಹೊಲಗಳ ಮೇಲೆ ನಡ್ಕೊಂಡು ಹೋಗಿದೆ. 1790ರ ಜೂನ್‌ನಲ್ಲಿ ಪುಣೆಯಲ್ಲಿ ಇಂಗ್ಲಿಷರೂ ಪೇಶ್ವೆಯೂ ಒಪ್ಪಂದ ಮಾಡ್ಕೊಂಡ್ರು, ಜುಲೈನಲ್ಲಿ ನಿಜಾಮ ಸೇರ್ಕೊಂಡ. ಶತ್ರು ಟಿಪ್ಪು ಸುಲ್ತಾನ್. ಮೂರು ಸರ್ಕಾರ, ಮೂರು ಸೇನೆ, ಒಂದು ಗುರಿ. ಯಾರು ಎಷ್ಟು ಪಡೆ ತರಬೇಕು, ಗೆದ್ದಿದ್ದನ್ನ ಹೇಗೆ ಸಮವಾಗಿ ಹಂಚ್ಕೋಬೇಕು ಅಂತ ಎಲ್ಲ ಕಾಗದದ ಮೇಲಿತ್ತು. ನನ್ನ ಅಳಿಯ ಇವತ್ತು ಮಾಡೋ ಕೆಲಸಾನೇ ಅವತ್ತಿನ ವಕೀಲರೂ ರೆಸಿಡೆಂಟರೂ ಮಾಡಿದ್ರು.

ಆ ಲೆಕ್ಕ ನೆಲದ ಮೇಲೆ ಹೇಗೆ ನಡೀತು ನೋಡಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದ. ಅರಕೆರೆ ಹತ್ರ ಗೆದ್ದ ಕೂಡ. ಆದರೆ ಅವನ ಎತ್ತುಗಳು ಮೇವಿಲ್ಲದೆ, ರೋಗ ಬಡಿದು ಸಾವಿರಗಟ್ಟಲೆ ಸತ್ತವು. ಫಿರಂಗಿ ಎಳೆಯೋಕೆ ಎತ್ತಿಲ್ಲ. ಕೋಟೆ ಒಡೆಯೋಕೆ ತಂದಿದ್ದ ದೊಡ್ಡ ಫಿರಂಗಿಗಳನ್ನ ತಾನೇ ನಾಶ ಮಾಡಿ ಹಿಂದಕ್ಕೆ ತಿರುಗಿದ. ಹೀಗೆ ತಿರುಗಿದ ಕೆಲವೇ ದಿನಕ್ಕೆ ಮರಾಠರ ಸೇನೆ ಎದುರಿಗೆ ಬಂತು. ಪರಶುರಾಮ ಭಾವು, ಹರಿಪಂತ್ ಇಬ್ಬರೂ ಅಷ್ಟು ಹತ್ತಿರ ಬಂದಿದ್ದಾರೆ ಅನ್ನೋದು ಕಾರ್ನ್‌ವಾಲಿಸ್‌ಗೆ ಗೊತ್ತೇ ಇರಲಿಲ್ಲ. ಟಿಪ್ಪುವಿನ ಸವಾರರು ದಾರಿಯಲ್ಲಿ ಓಲೆಕಾರರನ್ನ ಹಿಡೀತಾ ಇದ್ರು. ಮುಂದಿನ ಸಲ ಸೇನೆಗೆ ಧಾನ್ಯ ಹೊತ್ತು ತಂದು ಉಳಿಸಿದ್ದು ಬಂಜಾರರ ಎತ್ತಿನ ಹಿಂಡುಗಳು. ಹೊಸದುರ್ಗ, ಹೊಳಲ್ಕೆರೆ ಸೀಮೆಯ ಎಷ್ಟೋ ತಾಂಡಾಗಳ ಜನ ಅದೇ ಸಮುದಾಯದೋರು. ಆ ಜನಕ್ಕೆ ಯಾರೂ ಫ್ಲೆಕ್ಸ್ ಹಾಕಿಸಿದ್ದು ನಾನು ಕಂಡಿಲ್ಲ.

ಆ ಮಳೆಗಾಲದಲ್ಲಿ ಕೂಟದ ಸೇನೆಗಳು ಬೇರೆ ಬೇರೆ ದಿಕ್ಕಿಗೆ ಹೋದವು. ಪರಶುರಾಮ ಭಾವುವಿನ ದಂಡು, ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿ, ಶಿರಾ ಮೇಲೆ ನಮ್ಮ ದುರ್ಗದ ಕಡೆ ಬಂತು. ಏಳು ಸುತ್ತಿನ ಕೋಟೆ ನೋಡಿ ಅದರ ತಂಟೆಗೆ ಹೋಗಲಿಲ್ಲ. ಸುತ್ತಮುತ್ತಲ ಸಣ್ಣಪುಟ್ಟ ಕೋಟೆ ಹಿಡೀತು. ಸೀಮೆಯಲ್ಲೇ ಉಳ್ಕೊಂಡು ಮೇಯ್ತು. ಮೇಯ್ತು ಅಂತ ಬೇಕಂತಲೇ ಬರೀತಾ ಇದ್ದೀನಿ. ಕುದುರೆ, ಎತ್ತು, ಒಂಟೆ, ಆನೆ, ಸಿಪಾಯಿ, ಸಿಪಾಯಿ ಹಿಂದೆ ಬಜಾರು, ಬಜಾರಿನ ಹಿಂದೆ ಪಿಂಡಾರಿ. ಅದೇ ಸೇನೆಯ ಜೊತೆಗಿದ್ದ ಪಿಂಡಾರಿಗಳು ಆ ವರ್ಷವೇ ಶೃಂಗೇರಿ ಮಠವನ್ನೂ ದೋಚಿದ್ರು. ಆದ್ದರಿಂದ ಇದನ್ನ ಹಿಂದೂ-ಮುಸ್ಲಿಂ ಜಗಳ ಅಂತ ಓದೋರು ದಯವಿಟ್ಟು ಪುಟ ತಿರುಗಿಸಿ. ಹಸಿದ ದಂಡಿಗೆ ಜಾತಿ ಇರಲ್ಲ.

ಹಿರಿಯೂರಿಗೆ ಏನಾಯ್ತು? ಹೈದರ್ ಮತ್ತು ಮರಾಠರ ಕಿತ್ತಾಟದಲ್ಲಿ ಮೊದಲೇ ನಲುಗಿದ್ದ ಊರು, ಪರಶುರಾಮ ಭಾವುವಿನ ದಂಡು ತಂದ ಬರಗಾಲದಿಂದ ಹಾಳಾಯ್ತು ಅನ್ನೋದು ಹಳೇ ಮೈಸೂರು ಗೆಜೆಟಿಯರ್‌ನಲ್ಲಿದೆ. ಗಮನಿಸಿ, ಮಳೆ ತಪ್ಪಿ ಬಂದ ಬರ ಅಲ್ಲ ಅದು. ದಂಡು ತಂದ ಬರ. 1800-01ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆ ಸುತ್ತಿದ ಬುಕಾನನ್ ಊರೂರಲ್ಲೂ ಇದೇ ಹೆಸರು ಕೇಳ್ತಾನೆ. ಹಾಳು ಮನೆಗಳನ್ನ ತೋರಿಸಿ ಜನ ಭಾವುವಿನ ದಂಡಿನ ಮಾತಾಡ್ತಾರೆ.

ಇಷ್ಟೆಲ್ಲ ಆಗಿ ಭಾವು ಯುದ್ಧಕ್ಕಾದರೂ ಹೋದನಾ? ಯೋಜನೆ ಪ್ರಕಾರ ಪಶ್ಚಿಮದಿಂದ ಬರೋ ಬೊಂಬಾಯಿ ಸೇನೆಯನ್ನ ಸೇರಬೇಕಿತ್ತು. ಅವನು ಹೊಳೆಹೊನ್ನೂರು, ಶಿವಮೊಗ್ಗ ಅಂತ ಬಿದನೂರು ಸೀಮೆಯ ಕಡೆ ತಿರುಗಿ, ಶ್ರೀರಂಗಪಟ್ಟಣದಲ್ಲಿ ಎಲ್ಲ ಮುಗಿದ ಮೇಲೆ ತಡವಾಗಿ ಬಂದ. 1792ರ ಮಾರ್ಚ್‌ನಲ್ಲಿ ಸಂಧಿ ಆಯ್ತು. ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ. ಮೂವರೂ ಪಾಲು ಹಾಕ್ಕೊಂಡ್ರು. ತಡವಾಗಿ ಬಂದೋರಿಗೂ ಪಾಲು ಸಿಕ್ತು. ಹಿರಿಯೂರಿಗೆ ಏನೂ ಸಿಗಲಿಲ್ಲ. ಸಿಗೋದು ಹೇಗೆ? ಪಟ್ಟಿಯಲ್ಲಿ ಹಿರಿಯೂರೇ ಇರಲಿಲ್ಲ.

ನಾನು ಕೇಳಿದ ಕಾಲಂ ಇದು.

ಅಳಿಯ ಸುಮ್ಮನೆ ಕೇಳಿಸ್ಕೊಂಡ. ಆಮೇಲೆ, "ಮಾಮ, ಕಾಲ ಬದಲಾಗಿದೆ. ಈಗ ಸೇನೆ ಊರಿನ ಹುಲ್ಲು ಮೇಯೋದಿಲ್ಲ. ಜನರ ರಕ್ಷಣೆಗೂ ನಮ್ಮಲ್ಲಿ ಲೆಕ್ಕ ಇದೆ" ಅಂದ. 2016ರಲ್ಲಿ ವಾರ್ಸಾದಲ್ಲಿ ಒಪ್ಪಿದ ಏಳು ಅಂಶಗಳ ಪಟ್ಟಿ ಹೇಳಿದ. ಸರ್ಕಾರ ನಿಲ್ಲದ ಹಾಗೆ ನೋಡ್ಕೊಳ್ಳೋದು, ಇಂಧನ, ಆಹಾರ ಮತ್ತು ನೀರು, ಒಂದೇ ಸಲ ನೂರಾರು ಜನ ಗಾಯಗೊಂಡ್ರೆ ಆಸ್ಪತ್ರೆ ವ್ಯವಸ್ಥೆ, ಫೋನು-ಇಂಟರ್ನೆಟ್ಟು, ರಸ್ತೆ-ರೈಲು. ಒಳ್ಳೇ ಪಟ್ಟಿ. ಇದನ್ನ ಸುಳ್ಳು ಅನ್ನೋಕೆ ನಾನು ತಯಾರಿಲ್ಲ.

"ಆರಾಯ್ತು, ಏಳನೇದು?" ಅಂದೆ.

ಸ್ವಲ್ಪ ತಡೆದು ಹೇಳಿದ. ಪಟ್ಟಿಯಲ್ಲಿ ಅದು ಮೂರನೇದಂತೆ. ಜನರ ಅನಿಯಂತ್ರಿತ ಓಡಾಟವನ್ನ ನಿಭಾಯಿಸೋದು. ಆ ಓಡಾಟ ಕೂಟದ ಸೇನೆ ಸಾಗೋದಕ್ಕೆ ಅಡ್ಡ ಬರದ ಹಾಗೆ ನೋಡ್ಕೊಳ್ಳೋದು.

ನೋಡಿ, ಕೊನೆಗೂ ಸಿಕ್ತು. ಮನೆ ಬಿಟ್ಟು, ಮಕ್ಕಳನ್ನ ಎತ್ಕೊಂಡು, ಮುದುಕರನ್ನ ಗಾಡೀಲಿ ಕೂರಿಸ್ಕೊಂಡು ಓಡೋ ಜನಕ್ಕೂ ಒಂದು ಕಾಲಂ ಇದೆ. ಆ ಕಾಲಂನ ಹೆಸರು ಅಡಚಣೆ. ಸೇನೆ ಯಾರನ್ನ ಕಾಯೋಕೆ ಹೊರಟಿದೆಯೋ ಆ ಜನಾನೇ ಸೇನೆಯ ದಾರಿಗೆ ಅಡ್ಡ. 1791ರಲ್ಲಿ ಹಿರಿಯೂರಿನೋರು ಪಟ್ಟಿಯಲ್ಲೇ ಇರಲಿಲ್ಲ. ಇವತ್ತು ಇದ್ದಾರೆ, ರಸ್ತೆ ಮೇಲಿನ ತೊಂದರೆಯಾಗಿ ಇದ್ದಾರೆ. ಇನ್ನೂರ ಮೂವತ್ತು ವರ್ಷದ ಪ್ರಗತಿ ಇದು.

ಆ ಆಹಾರ, ನೀರು ಕೂಡ ಸದಸ್ಯ ದೇಶದ ಜನಕ್ಕೆ. ಕೂಟ ಬೇರೆಯೋರ ನೆಲದ ಮೇಲೆ ಹೋಗಿ ಕೂತರೆ? ಅಫ್ಘಾನಿಸ್ತಾನದಲ್ಲಿ 2003ರಿಂದ ಇದೇ ಕೂಟ ನಾಯಕತ್ವ ವಹಿಸಿತ್ತು. 2021ರ ಆಗಸ್ಟ್‌ನಲ್ಲಿ ಕಾಬೂಲ್ ವಿಮಾನ ನಿಲ್ದಾಣದಲ್ಲಿ ವಿಮಾನದ ಪಕ್ಕ ಓಡ್ತಾ ಇದ್ದ ಜನರನ್ನ ನೀವೂ ಟಿವಿಯಲ್ಲಿ ನೋಡಿದ್ದೀರಿ. ಹೋಗೋದಕ್ಕೆ ಯೋಜನೆ ಇತ್ತು, ಬರೋದಕ್ಕೂ ಒಂದು ಯೋಜನೆ ಇತ್ತು. ಓಡ್ತಾ ಇದ್ದೋರು ಯಾವ ಯೋಜನೆಯಲ್ಲಿದ್ರು?

"ಮಾಮ, ಆ ಭಾಗ ನನ್ನ ವಿಭಾಗಕ್ಕೆ ಬರಲ್ಲ" ಅಂದ ಹುಡುಗ.

ಈ ಮಾತು ಕೇಳಿದ ತಕ್ಷಣ ನನಗೆ ಬಾಯಿ ಕಟ್ಟಿಹೋಯ್ತು. ಯಾಕಂದ್ರೆ ಅದು ನನ್ನದೇ ಮಾತು. ನಾನೇ ಒಬ್ಬರಿಗೆ ಹೇಳಿದ್ದ ಮಾತು.

ಅದು ಸತತ ಮೂರು ವರ್ಷ ಮಳೆ ಕೈಕೊಟ್ಟ ಕಾಲ. ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಗೋಶಾಲೆ ಪಟ್ಟಿ ನನ್ನ ಕೈಯಲ್ಲಿತ್ತು. ದನ ಎಷ್ಟು, ಎಮ್ಮೆ ಎಷ್ಟು, ಒಂದಕ್ಕೆ ದಿನಕ್ಕೆ ಐದು ಕೆ.ಜಿ. ಒಣ ಮೇವು, ಒಟ್ಟು ಎಷ್ಟು ಲೋಡು, ಎಲ್ಲಿಂದ ತರಬೇಕು. ಒಂದು ಕೆ.ಜಿ. ಹೆಚ್ಚುಕಮ್ಮಿ ಆಗದ ಹಾಗೆ ಲೆಕ್ಕ ಮಾಡಿದ್ದೆ, ಮೇಲಿನೋರು ಶಭಾಷ್ ಅಂದಿದ್ರು. ಒಂದಿನ ಸಂಜೆ ಒಬ್ಬ ಕುರಿಗಾಹಿ ಬಂದ. ಕಂಬಳಿ ಹೆಗಲ ಮೇಲೆ, ಒಳಗೆ ಬರೋಕೆ ಹಿಂಜರೀತಾ ಬಾಗಿಲಲ್ಲೇ ನಿಂತಿದ್ದ. "ಸ್ವಾಮಿ, ನಮ್ ಕುರಿ ನಿಮ್ ಪಟ್ಟೀಲಿಲ್ವಂತೆ?" ಅಂದ. ಇರಲಿಲ್ಲ. ಫಾರಂನಲ್ಲಿ ದೊಡ್ಡ ಜಾನುವಾರು ಅಂತಷ್ಟೇ ಇತ್ತು. "ಕುರಿಗೆ ಕಾಲಂ ಇಲ್ಲಪ್ಪಾ. ಅದು ನಮಗೆ ಬರಲ್ಲ" ಅಂದೆ. "ಹಂಗಾರೆ ಯಾರಿಗ್ ಬತ್ತದೆ ಸ್ವಾಮಿ?" ಅಂದ. ಗೊತ್ತಿರಲಿಲ್ಲ. ನಾಳೆ ಬಾ ಅಂದೆ. ಅವನು ನಾಳೆ ಬರಲಿಲ್ಲ. ತಿಂಗಳಾದ ಮೇಲೆ ಕೇಳಿದಾಗ, ಹಿಂಡನ್ನ ಸಿಕ್ಕಿದ ರೇಟಿಗೆ ಮಾರಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಅಂದ್ರು.

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಇವತ್ತು ತೆಗೆದು ನೋಡಿದ್ರೂ ಸಿಗಲ್ಲ. ಕಾಲಂ ಇರಲಿಲ್ಲ, ಅಷ್ಟೇ. ಕಾಲಂ ಇಲ್ಲದಿದ್ರೆ ಕೆಳಗೆ ಖಾಲಿ ಜಾಗದಲ್ಲಿ ಒಂದು ಷರಾ ಬರೀಬಹುದಿತ್ತು. "ಈ ತಾಲ್ಲೂಕಿನಲ್ಲಿ ಕುರಿಗಳೂ ಇವೆ" ಅಂತ ಒಂದು ಸಾಲು. ಅಷ್ಟು ಜಾಗ ಇತ್ತು. ನಾನು ಬರೀಲಿಲ್ಲ. ಆದ್ದರಿಂದ ಅಳಿಯನ ಮೇಲೆ ನನಗೆ ಕೋಪ ಇಲ್ಲ. ಕೋಪ ಇರೋದು ಆ ಫ್ಲೆಕ್ಸ್ ಮೇಲೆ. ಕಾಲಂ ಇಲ್ಲದ ಪಟ್ಟಿಗೆ ಹಾರ ಹಾಕಿ ಮೆರವಣಿಗೆ ಮಾಡೋ ಹುಕಿ ಮೇಲೆ.

ಈಗ ನೀವು ಕೇಳ್ತೀರಿ. ಹಾಗಾದ್ರೆ ಸಣ್ಣ ದೇಶಗಳು ಏನು ಮಾಡಬೇಕು ಸ್ವಾಮಿ? ಫಿನ್‌ಲೆಂಡ್‌ಗೆ ರಷ್ಯಾ ಜೊತೆ 1,300 ಕಿಲೋಮೀಟರಿಗೂ ಉದ್ದದ ಗಡಿ. ಪಕ್ಕದಲ್ಲಿ ಉಕ್ರೇನ್ ಉರೀತಾ ಇರೋದನ್ನ ನೋಡಿ 2023ರ ಏಪ್ರಿಲ್‌ನಲ್ಲಿ ಕೂಟ ಸೇರಿದ್ರು. ತಪ್ಪಾ? ತಪ್ಪು ಅನ್ನೋ ಧೈರ್ಯ ನನಗಿಲ್ಲ. ಹೊಳಲ್ಕೆರೆ ಜಗಲಿ ಮೇಲೆ ಕೂತು ಅವರಿಗೆ ಬುದ್ಧಿ ಹೇಳೋ ಅಧಿಕಾರವೂ ಇಲ್ಲ. ಭಯ ಇದ್ದೋನು ಗೆಳೆಯರನ್ನ ಹುಡುಕ್ತಾನೆ. ನಮ್ಮ ಮದಕರಿ ನಾಯಕನೂ ಹುಡುಕಿದ. ಹೈದರ್‌ನ ದಂಡಯಾತ್ರೆಗಳಿಗೆ ದುರ್ಗದ ಬೇಡರ ಪಡೆ ಹೋಗಿ ಹೋರಾಡಿತ್ತು. ಆದರೆ ಹೈದರ್ ಮತ್ತು ಮರಾಠರ ನಡುವೆ ಸಿಕ್ಕಿಕೊಂಡಾಗ ಕೊನೆಗೆ ಯಾವ ಕಡೆಯೂ ಅವನಿಗೆ ಆಸರೆ ಆಗಲಿಲ್ಲ. 1779ರಲ್ಲಿ ಹಳೇ ಮಿತ್ರನೇ ದುರ್ಗ ಹಿಡಿದ. ನಾಯಕನನ್ನ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ರು. ಇಪ್ಪತ್ತು ಸಾವಿರ ಬೇಡರನ್ನೂ ಹಿಡಿದು ಅಲ್ಲಿಗೆ ಒಯ್ದರು ಅಂತ ಗೆಜೆಟಿಯರ್ ಹೇಳುತ್ತೆ. ಓಬವ್ವನ ಒನಕೆ ನಮಗೆ ನೆನಪಿದೆ, ಆ ಇಪ್ಪತ್ತು ಸಾವಿರ ನೆನಪಿಲ್ಲ.

ಅದೇ ದುರ್ಗದ ಕೋಟೆಯನ್ನ ಒಮ್ಮೆ ಪ್ರವಾಸಿ ಕಣ್ಣು ಬಿಟ್ಟು, ಪಟ್ಟಿ ಬರೆಯೋನ ಕಣ್ಣಿಂದ ನೋಡಿ. ಅಕ್ಕತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ, ಧಾನ್ಯದ ಕಣಜ, ಎಣ್ಣೆ ಕೊಳ, ಮದ್ದು ಬೀಸೋ ಕಲ್ಲು. ಮೇಲಿನ ಹೊಂಡ ತುಂಬಿದ್ರೆ ಕೆಳಗಿನದಕ್ಕೆ ನೀರು. ಅಲ್ಲಿ ಯೋಜನೆ ಮಾಡಿದೋರು ಗೋಡೆ ಎಷ್ಟು ಎತ್ತರ ಅಂತ ಮಾತ್ರ ಯೋಚಿಸಲಿಲ್ಲ, ಒಳಗಿರೋರು ಏನು ಕುಡೀತಾರೆ, ಏನು ತಿಂತಾರೆ ಅಂತಲೂ ಯೋಚಿಸಿದ್ರು. ಆದರೆ ಒಳಗಿರೋರು ಮಾತ್ರ. ಕೋಟೆಯ ಹೊರಗಿನ ಹಳ್ಳಿಗೆ ಆ ಲೆಕ್ಕದಲ್ಲೂ ಜಾಗ ಇರಲಿಲ್ಲ. ನಮ್ಮೋರನ್ನ ಹೊಗಳೋವಾಗ ಅದನ್ನೂ ಹೇಳಬೇಕಲ್ಲ.

ನಾನು ಕೂಟವೇ ಬೇಡ ಅಂತಿಲ್ಲ. ಕೂಟ ಸೇರಿ ಅಂತ ನಮ್ಮ ದೇಶಕ್ಕೆ ಸ್ಟುಡಿಯೋದಲ್ಲಿ ಕೂತು ಕೂಗೋರಿದ್ದಾರಲ್ಲ, ಅವರ ಹತ್ರ ನನ್ನ ಜಗಳ. ದಿನಾ ರಾತ್ರಿ ಒಂಬತ್ತಕ್ಕೆ ಶುರು. ಭಾರತ ಇನ್ನೂ ಎಷ್ಟು ದಿನ ಒಂಟಿ, ಯಾರದಾದರೂ ಕೈ ಹಿಡೀಬೇಕು, ಒಬ್ಬರ ಮೇಲೆ ದಾಳಿ ಆದ್ರೆ ಎಲ್ಲರೂ ಬರ್ತಾರೆ. ಬರ್ತಾರಾ? ನ್ಯಾಟೋ ಒಪ್ಪಂದದ ಐದನೇ ವಿಧಿಯನ್ನೇ ಓದಿ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅಂತಿದೆ, ನಿಜ. ಆದರೆ ಆಗ ಪ್ರತಿ ದೇಶ ಮಾಡಬೇಕಾದ್ದು ತನಗೆ ಅಗತ್ಯ ಅನ್ನಿಸಿದ ಕ್ರಮ. ಅಗತ್ಯ ಎಷ್ಟು ಅಂತ ತೀರ್ಮಾನಿಸೋದು ಅವರೇ. ಪರಶುರಾಮ ಭಾವುವೂ ತನಗೆ ಅಗತ್ಯ ಅನ್ನಿಸಿದ್ದನ್ನೇ ಮಾಡಿದ.

ಕೂಟ ಸೇರಿದೋರು ತಮ್ಮೊಳಗಾದರೂ ಸುಖವಾಗಿರ್ತಾರಾ? ಗ್ರೀಸ್, ಟರ್ಕಿ ಎರಡೂ 1952ರಿಂದ ನ್ಯಾಟೋದಲ್ಲಿವೆ. ಸೈಪ್ರಸ್ ದ್ವೀಪದ ವಿಷಯದಲ್ಲಿ ಒಬ್ಬರ ಕುತ್ತಿಗೆ ಒಬ್ಬರು ಹಿಡಿಯೋಕೆ ನಿಂತಾಗ, ಅಲ್ಲಿ ಶಾಂತಿ ಕಾಯೋಕೆ ವಿಶ್ವಸಂಸ್ಥೆ ಕಳಿಸಿದ ಸೇನೆಗೆ 1964ರಲ್ಲಿ ದಂಡನಾಯಕನಾಗಿ ಹೋದೋರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಅದಕ್ಕೂ ಮುಂಚೆ ಕೊರಿಯಾದಲ್ಲಿ ಯುದ್ಧಕೈದಿಗಳ ವಾಪಸಾತಿಯ ತಟಸ್ಥ ಆಯೋಗಕ್ಕೆ ಅಧ್ಯಕ್ಷರಾಗಿದ್ದೋರೂ ಅವರೇ. ಯಾವ ಕೂಟಕ್ಕೂ ಸೇರದ ದೇಶದೋರು ಅನ್ನೋದಕ್ಕೇ ಅವರನ್ನ ಎಲ್ಲರೂ ಒಪ್ಪಿದ್ದು. 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡ್ರು. ಫ್ಲೆಕ್ಸ್ ಹಾಕಲೇಬೇಕು ಅಂದ್ರೆ ಅವರದ್ದು ಹಾಕಿ. ಹಿಂದೆ ತ್ರಿವರ್ಣ ಧ್ವಜ ಹಾಕಿದ್ರೂ ಒಪ್ಪುತ್ತೆ.

ಇನ್ನೊಂದು ಮಾತು, ಇದು ನಮ್ಮೋರಿಗೇ. ಯುರೋಪಿನೋರ ಪಟ್ಟಿಯಲ್ಲಿ ಕಾಲಂ ಇಲ್ಲ ಅಂತ ಹೇಳೋದು ಸುಲಭ. ಪಕ್ಕದ ಚಳ್ಳಕೆರೆ ತಾಲ್ಲೂಕಿಗೆ ಹೋಗಿ ನೋಡಿ. ಅಮೃತ್ ಮಹಲ್ ಕಾವಲು ಅಂದ್ರೆ ಮೊದಲು ಸೇನೆಯ ಹುಲ್ಲುಗಾವಲೇ. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ. ಫಿರಂಗಿ ಎಳೆಯೋ ಎತ್ತು ಅಲ್ಲಿ ಬೆಳೀತಿದ್ವು. ಕಾರ್ನ್‌ವಾಲಿಸ್‌ಗೆ ಇಲ್ಲದೇ ಹೋದದ್ದು ಅಂಥ ಎತ್ತುಗಳೇ. ರಾಜರು ಹೋದ್ರು, ಕಾವಲು ಉಳೀತು, ಸುತ್ತಲಿನ ಹಳ್ಳಿಯೋರ ಕುರಿ ದನ ಅಲ್ಲಿ ಮೇಯ್ತಾ ಬಂದ್ವು. ಈಗ ಹದಿನೈದು ವರ್ಷದ ಹಿಂದೆ ಕುದಾಪುರ, ಉಳ್ಳಾರ್ತಿ ಕಡೆಯ ಸುಮಾರು ಹತ್ತು ಸಾವಿರ ಎಕರೆ ಕಾವಲನ್ನ ರಕ್ಷಣಾ ಸಂಶೋಧನೆ, ಅಣು ವಿಜ್ಞಾನ, ಬಾಹ್ಯಾಕಾಶ ಅಂತ ಬೇರೆ ಬೇರೆ ಸಂಸ್ಥೆಗಳಿಗೆ ಕೊಟ್ಟರು. ಡಿಆರ್‌ಡಿಒಗೆ 4,290 ಎಕರೆ. ಡ್ರೋನು, ವಿಮಾನ ಪರೀಕ್ಷೆ ಮಾಡೋ ಜಾಗ 2017ರ ಮೇ 28ರಂದು ಉದ್ಘಾಟನೆ ಆಯ್ತು. ದೇಶಕ್ಕೆ ಪರೀಕ್ಷಾ ಜಾಗ ಬೇಕು, ಬೇಡ ಅನ್ನಲ್ಲ. ಆದರೆ ಗೋಡೆ ಎದ್ದ ಮೇಲೆ ಕುರಿ ಎಲ್ಲಿ ಮೇಯಬೇಕು ಅನ್ನೋ ಪ್ರಶ್ನೆ ಹಳ್ಳಿಯೋರು ಧರಣಿ ಕೂತು, ಹಸಿರು ನ್ಯಾಯಮಂಡಳಿವರೆಗೂ ಕೇಸು ಹೋದ ಮೇಲೆ ಎದ್ದಿತು. ಗೋಡೆಗಿಂತ ಮೊದಲು ಎದ್ದಿರಬೇಕಿತ್ತು. ನನ್ನ ಬಾಗಿಲಲ್ಲಿ ನಿಂತಿದ್ದ ಕುರಿಗಾಹಿಯ ಪ್ರಶ್ನೆನೂ ಅದೇ: ಯಾರಿಗ್ ಬತ್ತದೆ ಸ್ವಾಮಿ?

ನಮ್ಮ ಸೀಮೆಯ ರಕ್ಷಣಾ ಯೋಜನೆ ಯಾವುದು ಅಂತ ನನ್ನನ್ನ ಕೇಳಿದ್ರೆ ಮಾರಿಕಣಿವೆ ತೋರಿಸ್ತೀನಿ. 1898ರಲ್ಲಿ ಶುರು ಮಾಡಿ 1907ರಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. ಅದು ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 2022ರಲ್ಲಿ. ನಡುವೆ 89 ವರ್ಷ ತುಂಬಲೇ ಇಲ್ಲ. ಆದರೂ ಆ ಎಲ್ಲ ವರ್ಷವೂ ಹಿರಿಯೂರಿನ ತೋಟ ಕಾದದ್ದು ಅದೇ ನೀರು. ದಂಡು ತಂದ ಬರಕ್ಕೆ ನೂರು ವರ್ಷ ಆದ ಮೇಲೆ ಯಾರೋ ಒಬ್ಬರು ಪಟ್ಟಿಯಲ್ಲಿ ಹಿರಿಯೂರು ಅಂತ ಬರೆದ್ರು.

ಸನ್ಮಾನದ ದಿನ ನಾನೂ ಹೋಗಿದ್ದೆ. ಅಕ್ಕ ಕರೆದ ಮೇಲೆ ಹೋಗದಿರೋಕಾಗುತ್ತಾ? ಅಭಿನಂದನಾ ಪತ್ರ ಬೇರೆ ಯಾರೋ ಬರೆದಿದ್ರು, ಅದರಲ್ಲಿ "ರಣರಂಗದ ಚತುರ" ಅಂತಿತ್ತು. ಹುಡುಗ ತಲೆ ತಗ್ಗಿಸಿ ನಕ್ಕ. ಹೊರಡೋ ಮುಂಚೆ ನನ್ನ ಕಾಲಿಗೆ ನಮಸ್ಕಾರ ಮಾಡೋಕೆ ಬಂದ. "ಬಯ್ದೆ ಅಂತ ಬೇಜಾರು ಮಾಡ್ಕೋಬೇಡಪ್ಪಾ" ಅಂದೆ. "ಇಲ್ಲ ಮಾಮ, ಆದ್ರೆ ನಾನೊಬ್ಬ ಏನು ಮಾಡೋಕಾಗುತ್ತೆ?" ಅಂದ.

"ಷರಾ ಬರಿ" ಅಂದೆ. "ಕಾಲಂ ಇಲ್ಲದಿದ್ರೆ ಕೆಳಗೆ ಖಾಲಿ ಜಾಗ ಇರುತ್ತಲ್ಲ, ಅಲ್ಲಿ. ಈ ದಾರೀಲಿ ಊರುಗಳೂ ಇವೆ ಅಂತ ಒಂದು ಸಾಲು. ನಾನು ಬರೀಲಿಲ್ಲ, ನೀನು ಬರಿ."

ಬರೀತಾನೋ ಇಲ್ವೋ ಗೊತ್ತಿಲ್ಲ. ಫ್ಲೆಕ್ಸನ್ನ ಮಾತ್ರ ಭಾವ ಜೋಪಾನವಾಗಿ ಬಿಚ್ಚಿಸ್ಕೊಂಡು ಮನೆಗೆ ತಂದ್ರು. ಈಗ ಅದು ಹಿತ್ತಲಲ್ಲಿ ಮೇವಿನ ಬಣವೆ ಮೇಲಿದೆ. ಟ್ಯಾಂಕು, ಜೆಟ್ಟು ಎಲ್ಲ ಹುಲ್ಲಿನ ಕಡೆ ಮಾಡಿ ಹೊದಿಸಿದ್ದಾರೆ. ಈ ಸಲದ ಮಳೆಗೆ ಒಂದು ಹನಿ ನೀರೂ ಒಳಗೆ ಇಳಿದಿಲ್ಲ.